ಮೂಲಾ ನಕ್ಷತ್ರದ ಚಿತ್ರ

ಒಣಗಿದ ಬಟ್ಟೆ ತೆಗೆದುಕೊಂಡು ಹೋಗಲು ಕಮಲಾದೇವಿ ಮಹಡಿ ಹತ್ತಿದಾಗ ಸೀತಾಲಕ್ಷ್ಮಿ ಆಗಲೇ ಅಲ್ಲಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮರದ ಪೀಠದ ಮೇಲಿದ್ದ ಕ್ಯಾಮೆರಾದ ಹೊದಿಕೆ ಬಿಚ್ಚುತ್ತಿದ್ದಳು.

"ಕಾಲೇಜಿಂದ ನೇರ ಇಲ್ಲಿಗೇ ಬಂದ್ಯೇನೇ? ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ?"

"ಮನೆಗೆ ಹೋಗೇ ಬಂದೆ ಅಮ್ಮಾ. ನಮ್ಮಮ್ಮ ಅವರೇಕಾಳು ಉಪ್ಪಿಟ್ಟು ಮಾಡಿದ್ಲು."

"ನಿಮ್ಮ ಮೇಷ್ಟ್ರು ಮಧ್ಯಾಹ್ನದಿಂದ ನಿಂತಲ್ಲಿ ನಿಲ್ತಿಲ್ಲ. ಮೋಡ ಇಲ್ಲ, ಮೋಡ ಇಲ್ಲ ಅಂತ ಅದೇ ಜಪ. ಈ ಹಗ್ಗಾನೂ ಬಿಚ್ಚಬೇಕಂತೆ, ನಕ್ಷತ್ರಕ್ಕೆ ಅಡ್ಡ ಬರತ್ತಂತೆ!" ಕಮಲಾದೇವಿ ನಗುತ್ತಾ ಬಟ್ಟೆಯ ಹಗ್ಗ ಬಿಚ್ಚಿ ಸುತ್ತಿಕೊಂಡು ಕೆಳಗಿಳಿದರು.

ಅದು ಸಾವಿರದ ಒಂಬೈನೂರ ಅರವತ್ತನಾಲ್ಕರ ಜನವರಿ. ಜಯನಗರದಲ್ಲಿ ಮನೆಗಳು ಇನ್ನೂ ಬಿಡಿಬಿಡಿಯಾಗಿದ್ದವು. ಕಮಲಾದೇವಿಯ ಗಂಡ ಸೇತುರಾಮಯ್ಯನವರ ಮಹಡಿಯಿಂದ ದಕ್ಷಿಣಕ್ಕೆ ನೋಡಿದರೆ ಸಾರಕ್ಕಿಯ ಹೊಲಗಳು, ಅದರಾಚೆ ಬರೀ ಕತ್ತಲು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಅವರು ಆ ಕತ್ತಲೆಯ ಆಸೆಗೇ ಬಸವನಗುಡಿ ಬಿಟ್ಟು ಇಲ್ಲಿ ಮನೆ ಕಟ್ಟಿಸಿದ್ದರು. ನಕ್ಷತ್ರಗಳ ಚಿತ್ರ ತೆಗೆಯುವುದು ಅವರ ಹುಚ್ಚು.

ಸೀತಾಲಕ್ಷ್ಮಿ ಅವರ ಶಿಷ್ಯೆಯಾದದ್ದು ಅಷ್ಟಗ್ರಹ ಕೂಟದ ವರ್ಷ. ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಸೇರುತ್ತವೆ, ಪ್ರಳಯವಾಗುತ್ತದೆ ಎಂದು ಊರೆಲ್ಲ ಹೆದರಿ ಹೋಮ ಹವನಗಳಲ್ಲಿ ಮುಳುಗಿದ್ದಾಗ ಸೇತುರಾಮಯ್ಯನವರು ತಮ್ಮ ಮನೆಯ ಗೇಟಿಗೆ ಒಂದು ಹಲಗೆ ತಗುಲಿಹಾಕಿದ್ದರು: 'ಪ್ರಳಯ ನೋಡಲು ಬನ್ನಿ. ಚಕ್ಕುಲಿ, ಕಾಫಿ ಉಂಟು.' ಕೆಲವರು ಬೈದರು. ಕೆಲವರು ಕುತೂಹಲಕ್ಕೆ ಬಂದರು. ಬಂದವರಲ್ಲಿ ಸೀತಾಲಕ್ಷ್ಮಿಯೂ ಒಬ್ಬಳು. ಆಗಷ್ಟೇ ಬಿ.ಎಸ್ಸಿ. ಮುಗಿಸಿ, ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದಳು. ಅವತ್ತು ಜನರೆಲ್ಲ ಚಕ್ಕುಲಿ ತಿಂದು ಹೋದಮೇಲೂ ಅವಳೊಬ್ಬಳು ದೂರದರ್ಶಕದ ಬಳಿಯೇ ನಿಂತಿದ್ದಳು. ಆಮೇಲಿಂದ ವಾರಕ್ಕೊಮ್ಮೆಯಾದರೂ ಬಂದುಹೋಗುವುದು ರೂಢಿಯಾಯಿತು.

ಆ ಜನವರಿಯ ಸಂಜೆ ಅವರು ತೆಗೆಯಹೊರಟಿದ್ದು ಕೃತ್ತಿಕೆಯ ಚಿತ್ರ. ಕತ್ತಲಾಗುತ್ತಿದ್ದಂತೆ ನಡುನೆತ್ತಿಯ ಹತ್ತಿರ ಆ ಪುಟ್ಟ ಗೊಂಚಲು ಕಾಣಿಸಿಕೊಂಡಿತು. ಸೇತುರಾಮಯ್ಯನವರು ಗಾಜಿನ ಪ್ಲೇಟನ್ನು ಕ್ಯಾಮೆರಾದೊಳಗೆ ಜಾರಿಸಿ, "ಹಿಡ್ಕೋ" ಎಂದರು. ಕ್ಯಾಮೆರಾಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ದೂರದರ್ಶಕ ಇತ್ತು. ಅದರೊಳಗೆ ಎರಡು ಕೂದಲೆಳೆ ಅಡ್ಡಡ್ಡ ಕಟ್ಟಿದ್ದರು. ಭೂಮಿ ತಿರುಗಿದಂತೆ ನಕ್ಷತ್ರ ಜರುಗುತ್ತದಲ್ಲ, ಅದನ್ನು ಆ ಎಳೆಗಳ ಕೂಡುವ ಜಾಗದಿಂದ ತಪ್ಪಿಸಿಕೊಳ್ಳಲು ಬಿಡದೆ, ಒಂದು ತಿರುಪನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಕೂರಬೇಕು. ಅರ್ಧ ಗಂಟೆ. ಕೈ ನಡುಗಿದರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿತೆಂದು ಕೆರೆದುಕೊಂಡರೆ ಪ್ಲೇಟಿನಲ್ಲಿ ಚುಕ್ಕಿಗಳ ಬದಲು ಗೀರುಗಳು ಬೀಳುತ್ತವೆ. ಸೇತುರಾಮಯ್ಯನವರ ಕೈ ವಯಸ್ಸಿನಿಂದ ನಡುಗತೊಡಗಿತ್ತು. ಎರಡು ವರ್ಷದಿಂದ ತಿರುಪು ಹಿಡಿಯುತ್ತಿದ್ದವಳು ಸೀತಾಲಕ್ಷ್ಮಿಯೇ.

"ನನ್ನ ಹತ್ರ ಎಷ್ಟು ಹುಡುಗರು ಕಲಿತ್ರು," ಎಂದರು ಅವರು, ಪಕ್ಕದ ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕೂತು. "ಒಬ್ಬನಿಗೂ ಈ ತಾಳ್ಮೆ ಇರಲಿಲ್ಲ. ಸೀನೂನ ಕೂರಿಸಿದ್ರೆ ಐದು ನಿಮಿಷಕ್ಕೆ ಆಕಳಿಸ್ತಾನೆ."

ಸೀನು ಅವರ ಒಬ್ಬನೇ ಮಗ. ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅವನು ಮಹಡಿಗೆ ಬರುತ್ತಿದ್ದದ್ದು ಕಾಫಿ ಲೋಟ ಕೊಡುವ ನೆಪದಲ್ಲಿ. ಈಚೆಗೆ ಆ ನೆಪ ಹೆಚ್ಚಾಗಿತ್ತು. ಲೋಟ ಕೊಟ್ಟು, "ಇವತ್ತು ಯಾವ ನಕ್ಷತ್ರ?" ಎಂದು ಕೇಳಿ, ಉತ್ತರ ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದ. ಸೀತಾಲಕ್ಷ್ಮಿಗೆ ಅದು ಗೊತ್ತಾಗುತ್ತಿತ್ತು. ಬೇಡವೆನಿಸುತ್ತಿರಲಿಲ್ಲ.

ಮಾರ್ಚಿನಲ್ಲಿ ಒಂದು ಬೆಳಗಿನ ಜಾವ, ಹಾಲಿನವರು ಬರುವುದಕ್ಕೂ ಮುಂಚೆ, ಅವರು ದಕ್ಷಿಣದ ಆಕಾಶಕ್ಕೆ ಕ್ಯಾಮೆರಾ ತಿರುಗಿಸಿದರು. ವೃಶ್ಚಿಕದ ಚೇಳು ಬಾಲ ಎತ್ತಿ ಪೂರ್ತಿಯಾಗಿ ಮೇಲೆದ್ದಿತ್ತು. ಸೀತಾಲಕ್ಷ್ಮಿ ತಿರುಪಿನ ಮೇಲೆ ಕೈಯಿಟ್ಟು, ಕಣ್ಣನ್ನು ದೂರದರ್ಶಕಕ್ಕೆ ಒತ್ತಿಕೊಂಡೇ ನಕ್ಕಳು.

"ಯಾಕೆ ನಗ್ತೀಯ?"

"ಇದು ನನ್ನ ಜನ್ಮನಕ್ಷತ್ರ ಮೇಷ್ಟ್ರೇ. ಮೂಲಾ. ಅದೂ ಮೊದಲನೇ ಪಾದ."

ಅವಳು ಅದನ್ನು ಯಾರಿಗೂ ಹೇಳಿದವಳಲ್ಲ. ಮೂಲಾ ನಕ್ಷತ್ರದ ಹುಡುಗಿ ಮನೆಗೆ ಬಂದರೆ ಮಾವ ಉಳಿಯುವುದಿಲ್ಲ, ಮೊದಲನೇ ಪಾದವಾದರೆ ಹೆತ್ತ ತಂದೆಯೇ ಉಳಿಯುವುದಿಲ್ಲ ಎಂಬ ಮಾತನ್ನು ಕೇಳಿಕೊಂಡೇ ಅವಳು ಬೆಳೆದಿದ್ದಳು. ಅವಳಿಗೆ ಎರಡು ವರ್ಷವಾಗಿದ್ದಾಗ ತಂದೆ ತೀರಿಹೋಗಿದ್ದರು. ತಾಯಿ ಅಮ್ಮಣ್ಣಿ ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸಿ ಮಗಳನ್ನು ಓದಿಸಿದರು. ಗಂಡಿನವರು ಕೇಳಿದರೆ ಅಮ್ಮಣ್ಣಿ ಮಗಳದು ಪೂರ್ವಾಷಾಢ ಎಂದು ಸುಳ್ಳು ಹೇಳುತ್ತಿದ್ದರು. ಸುಳ್ಳು ಹೇಗೋ ಹೊರಬೀಳುತ್ತಿತ್ತು. ಬಂದವರು ಮತ್ತೆ ಬರುತ್ತಿರಲಿಲ್ಲ.

"ಅಪ್ಪ ಹೋದಾಗ ಚಿಕ್ಕಪ್ಪ ಅಂದ್ರಂತೆ, ಹುಟ್ಟಿದ್ದೇ ಅವನನ್ನ ತಿನ್ನೋಕೆ ಅಂತ," ಎಂದಳು ಸೀತಾಲಕ್ಷ್ಮಿ. ಕತ್ತಲಲ್ಲಿ ಹೇಳುವುದು ಸುಲಭವಾಗಿತ್ತು.

"ಏನಾಗಿತ್ತು ನಿಮ್ಮ ತಂದೆಗೆ?"

"ಟೈಫಾಯ್ಡ್."

"ಟೈಫಾಯ್ಡ್ ನೀರಿಂದ ಬರತ್ತೆ ಸೀತಾ. ನಕ್ಷತ್ರದಿಂದ ಬರಲ್ಲ." ಸೇತುರಾಮಯ್ಯನವರು ಕುರ್ಚಿಯಿಂದ ಎದ್ದು ಬಂದು ಅವಳ ಪಕ್ಕ ನಿಂತರು. "ಆ ಜಾಗ ನೋಡು. ಚೇಳಿನ ಕೊಂಡಿ ಹತ್ರ ಮಂಜು ಕವಿದ ಹಾಗಿದೆಯಲ್ಲ, ಅದು ಒಂದು ನಕ್ಷತ್ರಗುಚ್ಛ. ಅದರ ಮೇಲೆ ಇನ್ನೊಂದು ಬೆಳ್ಳಗಿನ ಕಲೆ, ಅದು ನೀಹಾರಿಕೆ, ಹೊಸ ನಕ್ಷತ್ರ ಹುಟ್ಟೋ ಮೋಡ. ಆಕಾಶದಲ್ಲಿ ಇಷ್ಟು ಶ್ರೀಮಂತವಾದ ಜಾಗ ಇನ್ನೊಂದಿಲ್ಲ. ಇಂಥದ್ದಕ್ಕೆ ಕೆಟ್ಟ ಹೆಸರು ಕಟ್ಟಿದ್ದಾರಲ್ಲ, ಅವರ ಬುದ್ಧಿಗಿಷ್ಟು!"

ಸೀತಾಲಕ್ಷ್ಮಿಯ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. ರೆಪ್ಪೆ ಬಡಿದು ಬಡಿದೇ ನೋಟ ತಿಳಿ ಮಾಡಿಕೊಂಡಳು.

ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಬಲ್ಬಿಗೆ ಕೆಂಪು ಕಾಗದ ಸುತ್ತಿ ಅವರು ಪ್ಲೇಟು ತೊಳೆದರು. ಗುಚ್ಛದ ಒಂದೊಂದು ನಕ್ಷತ್ರವೂ ಸೂಜಿಯಲ್ಲಿ ಚುಚ್ಚಿದಷ್ಟು ಸ್ಪಷ್ಟವಾಗಿ ಮೂಡಿತ್ತು. ನೀಹಾರಿಕೆ ಉಸಿರಿನ ಆವಿಯಂತೆ ಹರಡಿತ್ತು. ಅಷ್ಟು ಒಳ್ಳೆಯ ಚಿತ್ರ ಆ ಮಹಡಿಯಿಂದ ಅದುವರೆಗೆ ಬಂದಿರಲಿಲ್ಲ. "ಇದು ನಿನ್ನದು," ಎಂದರು ಸೇತುರಾಮಯ್ಯನವರು. "ನಾನು ಬರೀ ಕುರ್ಚಿಯಲ್ಲಿ ಕೂತಿದ್ದೆ."

ಮಾತು ಎತ್ತಿದವರು ಕಮಲಾದೇವಿ. ಏಪ್ರಿಲ್ ಕೊನೆಯಲ್ಲಿ ಅಮ್ಮಣ್ಣಿಯವರನ್ನು ಅರಿಶಿನ ಕುಂಕುಮಕ್ಕೆಂದಲ್ಲ, ವಿಧವೆಯಾದ ಅವರನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ, ಸುಮ್ಮನೆ ಮಾವಿನಹಣ್ಣಿನ ಸೀಕರಣೆ ತಿನ್ನಲು ಬನ್ನಿ ಎಂದು ಕರೆಸಿದರು. ಊಟವಾದ ಮೇಲೆ ನೇರವಾಗಿ ಕೇಳಿಬಿಟ್ಟರು.

"ನಿಮ್ಮ ಸೀತಾನ ನಮ್ಮ ಸೀನೂಗೆ ಕೊಡ್ತೀರಾ?"

ಅಮ್ಮಣ್ಣಿ ಗಾಬರಿಯಾದರು. ತಡವರಿಸುತ್ತಾ, "ಜಾತಕ..." ಎಂದಷ್ಟೇ ಅಂದರು.

ಜೋಕಾಲಿಯ ಮೇಲೆ ಕೂತಿದ್ದ ಸೇತುರಾಮಯ್ಯನವರು ಕೈಯೆತ್ತಿದರು. "ನಮ್ಮನೇಲಿ ಜಾತಕ ನೋಡೋದಿಲ್ಲ ಅಮ್ಮಣ್ಣೀ. ನಾನು ಹುಡುಗೀನ ನೋಡಿದ್ದೀನಿ, ಸಾಕು."

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಮ್ಮಣ್ಣಿ ಗಂಡನ ಫೋಟೋ ಮುಂದೆ ಕೂತು ಅತ್ತರು. "ದೇವರಂಥ ಮನುಷ್ಯ ಕಣೇ ಸೀತೂ. ಜಾತಕ ಅನ್ನೋ ಮಾತನ್ನೇ ಪೂರ್ತಿ ಆಡಗೊಡಲಿಲ್ಲ."

ಆಮೇಲೆ ಮಳೆಗಾಲ ಬಂತು. ಮೋಡವಿದ್ದಾಗ ಮಹಡಿಯಲ್ಲಿ ಕೆಲಸವಿರುವುದಿಲ್ಲ, ಹೀಗಾಗಿ ಸೇತುರಾಮಯ್ಯನವರ ಮನೆಯಿಂದ ಕರೆ ಬಾರದಿದ್ದದ್ದು ಮೊದಲು ಸಹಜವೆನಿಸಿತು. ಜೂನ್ ಮುಗಿಯುವ ಹೊತ್ತಿಗೆ ಹಾಗೆನಿಸಲಿಲ್ಲ. ಒಂದು ದಿನ ಕಮಲಾದೇವಿಯೇ ಬಂದರು. ಹೊಸಿಲಿನೊಳಗೆ ಬಂದರೂ ಕೂರಲಿಲ್ಲ.

"ಸೀನು ಈಗಲೇ ಮದುವೆ ಬೇಡ ಅಂತಾನೆ ಅಮ್ಮಣ್ಣೀ. ಏನು ಹೇಳಿದ್ರೂ ಕೇಳ್ತಿಲ್ಲ. ಈಗಿನ ಹುಡುಗರು..." ಎಂದು ನೆಲ ನೋಡುತ್ತಾ ಹೇಳಿ ಹೊರಟುಹೋದರು.

ಹುಡುಗನಿಗೆ ಮನಸ್ಸಿಲ್ಲದಿದ್ದರೆ ಯಾರೇನು ಮಾಡಲಾಗುತ್ತದೆ ಎಂದು ಸೀತಾಲಕ್ಷ್ಮಿ ತಾಯಿಗೆ ಸಮಾಧಾನ ಹೇಳಿದಳು. ತನಗೇ ಸಮಾಧಾನವಾಗಲಿಲ್ಲ. ಅವನ ಕಾಫಿ ಲೋಟ, ಅವನ ಪ್ರಶ್ನೆ, ಎಲ್ಲ ತನ್ನದೇ ಭ್ರಮೆಯೇ? ಕನ್ನಡಿ ಮುಂದೆ ನಿಂತಾಗಲೆಲ್ಲ ತನ್ನ ಮುಖದಲ್ಲಿ ಏನೋ ಕೊರತೆ ಹುಡುಕತೊಡಗಿದಳು.

ಆಗಸ್ಟಿನಲ್ಲಿ ಒಂದು ಸಂಜೆ ಸೌತ್ ಎಂಡಿನ ಬಸ್ ಸ್ಟಾಪಿನಲ್ಲಿ ಸೀನು ಎದುರಾದ. ಸ್ಕೂಟರು ನಿಲ್ಲಿಸಿ, ಇಳಿದು ಬಂದ. ಅವನಿಗೆ ಮೈಸೂರಿನ ಹುಡುಗಿ ಗೊತ್ತಾಗಿದೆಯೆಂದು, ಬರುವ ವಾರ ನಿಶ್ಚಿತಾರ್ಥವೆಂದು ಸೀತಾಲಕ್ಷ್ಮಿ ಕೇಳಿದ್ದಳು.

"ಈಗ ಮದುವೆ ಬೇಡ ಅಂದ್ರಂತಲ್ಲ," ಎಂದಳು.

"ನಾನೆಲ್ಲಿ ಅಂದೆ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾನು ಹೂಂ ಅಂದಿದ್ದೆ. ಅಪ್ಪಾನೇ ಬೇಡ ಅಂದ್ರು. ನಿಮ್ಮದು ಮೂಲಾ ನಕ್ಷತ್ರ, ಮೊದಲನೇ ಪಾದ ಅಂತೆ. ಅಮ್ಮ ಬೇಕಾದಷ್ಟು ಜಗಳ ಆಡಿದ್ಲು."

"ನಾವು ಜಾತಕ ಕೊಟ್ಟೇ ಇಲ್ವಲ್ಲ."

"ನೀವೇ ಹೇಳಿದ್ರಂತೆ. ಮಹಡಿ ಮೇಲೆ."

ಬಸ್ಸೊಂದು ಬಂದು ನಿಂತು ಹೋಯಿತು. ಅದು ಅವಳ ಬಸ್ಸೇ. ಅವಳು ಹತ್ತಲಿಲ್ಲ.

"ಮೇ ತಿಂಗಳಲ್ಲಿ ಒಂದು ದಿನ, ಉತ್ತರಹಳ್ಳಿ ಕಡೆ ಒಳ್ಳೇ ಕತ್ತಲೆ ಜಾಗ ಇದೆ, ಚಿತ್ರ ತೆಗೆಯೋಕೆ ಆಗತ್ತಾ ನೋಡ್ಕೊಂಡು ಬರೋಣ ಅಂದ್ರು. ಸ್ಕೂಟರ್‌ನಲ್ಲಿ ಕರ್ಕೊಂಡು ಹೋದೆ," ಸೀನು ತಲೆತಗ್ಗಿಸಿ ಹೇಳಿದ. "ಹೋಗಿದ್ದು ಜೋಯಿಸರ ಮನೆಗೆ. ಬಸವನಗುಡಿ ಜೋಯಿಸರಾದ್ರೆ ಎಲ್ಲರೂ ಗುರುತು ಹಿಡೀತಾರಲ್ಲ, ಅದಕ್ಕೆ ಅಷ್ಟು ದೂರ. ವಾಪಸ್ ಬರ್ತಾ ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು."

"ನೀವೇನಂದ್ರಿ?"

"ಅಪ್ಪನ ಜೀವದ ವಿಷಯ ಅಂದ್ರು. ನಾನೇನು ಅನ್ನಲಿ?"

ಸೀತಾಲಕ್ಷ್ಮಿ ಅವನನ್ನು ಒಮ್ಮೆ ನೋಡಿದಳು. ಅವನ ಮೇಲೆ ಕೋಪ ಬರಲಿಲ್ಲ. ಅಷ್ಟು ದೊಡ್ಡ ಕೋಪಕ್ಕೆ ಅವನು ಸಾಲದು ಅನಿಸಿತು. ನಡೆದೇ ಹೊರಟಳು.

ಮನೆಗೆ ಹೋಗಲಿಲ್ಲ. ನೇರವಾಗಿ ಸೇತುರಾಮಯ್ಯನವರ ಮನೆಗೆ ಹೋದಳು. ಅವರು ಮುಂದಿನ ಕೋಣೆಯಲ್ಲಿ ಪುಸ್ತಕ ಓದುತ್ತಿದ್ದರು. ಅವಳನ್ನು ಕಂಡು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಬಾ ಸೀತಾ. ಎಷ್ಟು ದಿನ ಆಯ್ತು. ಗಣೇಶನ ಹಬ್ಬಕ್ಕೆ ನಮ್ಮ ಬಡಾವಣೆ ಸಂಘದಲ್ಲಿ ನಂದು ಭಾಷಣ ಇಟ್ಟಿದ್ದಾರೆ. ನಮ್ಮ ಚಿತ್ರಗಳನ್ನೆಲ್ಲ ಸ್ಲೈಡು ಮಾಡಿಸಿ ಪರದೆ ಮೇಲೆ ತೋರಿಸೋಣ ಅಂತ..."

"ಉತ್ತರಹಳ್ಳಿಯಲ್ಲಿ ಜಾಗ ಚೆನ್ನಾಗಿತ್ತಾ ಮೇಷ್ಟ್ರೇ?"

ಅವರ ಮುಖ ಬಿಳಿಚಿಕೊಂಡಿತು. ಒಳಗಿನಿಂದ ಬಂದ ಕಮಲಾದೇವಿ ಬಾಗಿಲಲ್ಲೇ ನಿಂತರು.

"ಕೂತ್ಕೋ," ಎಂದರು ಸೇತುರಾಮಯ್ಯನವರು. ಅವಳು ಕೂರಲಿಲ್ಲ. "ನನ್ನ ದೊಡ್ಡ ಅತ್ತಿಗೇದು ಮೂಲಾ ನಕ್ಷತ್ರ. ಮದುವೆಯಾದ ವರ್ಷಾನೇ ನಮ್ಮಪ್ಪ ಹೋದ್ರು. ನಾನಿನ್ನೂ ಹೈಸ್ಕೂಲು. ಎಲ್ಲರೂ ಸೇರಿ ಆಯಮ್ಮನ್ನ ಹಿತ್ತಲ ಕೋಣೆಗೆ ಹಾಕಿದ್ರು. ಆಮೇಲೆ ತವರಿಗೆ ಕಳಿಸಿದ್ರು, ಮತ್ತೆ ಕರೆಸಲಿಲ್ಲ. ಅದು ಅನ್ಯಾಯ ಅಂತ ನನಗೆ ಆಗಲೇ ಅನ್ನಿಸ್ತು. ನಾನು ವಿಜ್ಞಾನ ಹಿಡಿದದ್ದೇ ಅದಕ್ಕೆ ಅಂತ ಇಟ್ಕೋ. ಓದಿ ಓದಿ ಆ ಹೆದರಿಕೆ ಸತ್ತೇಹೋಯ್ತು ಅಂದ್ಕೊಂಡಿದ್ದೆ. ನಿಮ್ಮಮ್ಮನಿಗೆ ಮಾತು ಕೊಟ್ಟ ರಾತ್ರೀನೇ ಎದೆ ಹಿಡ್ಕೊಳ್ತು."

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸಿದೆ. ಏನೂ ಇಲ್ಲ, ವಾಯು ಅಂದ್ರು."

"ಆಮೇಲೆ?"

"ಆಮೇಲೆ ಉತ್ತರಹಳ್ಳಿಗೆ ಹೋದೆ." ಅವರ ದನಿ ಕುಗ್ಗಿತು. "ನನ್ನ ಬುದ್ಧಿಗೆ ಗೊತ್ತು ಸೀತಾ, ಅದು ಬರೀ ಉರಿಯೋ ಅನಿಲ. ಆದ್ರೆ ಹಾಸಿಗೆ ಮೇಲೆ ಮಲಗಿದಾಗ ಬುದ್ಧಿ ಎಲ್ಲಿರತ್ತೆ? ಅಪ್ಪನ ಹೆಣ ಕಣ್ಮುಂದೆ ಬರತ್ತೆ. ನನ್ನ ವಯಸ್ಸಿಗೆ ಬಂದಾಗ ನಿನಗೂ ಅರ್ಥ ಆಗತ್ತೆ."

"ಹೆದರಿಕೆ ಅರ್ಥ ಆಗತ್ತೆ ಮೇಷ್ಟ್ರೇ. ನಾನು ಹುಟ್ಟಿದಾಗಿಂದ ಅದರ ಜೊತೇಲೇ ಇದ್ದೀನಿ. ಹೆದರಿಕೆ ಆಯ್ತು ಅಂತ ನನ್ನ ಕರೆದು ಹೇಳಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಸೀನೂಗೆ ಮನಸ್ಸಿಲ್ಲ ಅಂತ ಯಾಕೆ ಹೇಳಿಸಿದ್ರಿ?"

ಕಮಲಾದೇವಿ ಬಾಗಿಲಿನಿಂದಲೇ ಹೇಳಿದರು: "ಹಲಗೆ ಬರೆದು ಗೇಟಿಗೆ ಹಾಕಿದ ಮನುಷ್ಯ ಅಲ್ವೇನಮ್ಮಾ. ಊರವರು ನಗ್ತಾರೆ ಅಂತ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರು."

"ಹೊರಗಿನವರು ಯಾರಿಗೂ ಹೇಳದ ಮಾತು ನಾನು ನಿಮ್ಮ ಹತ್ರ ಹೇಳಿದ್ದೆ," ಎಂದಳು ಸೀತಾಲಕ್ಷ್ಮಿ. ಅವಳ ದನಿ ಏರಲಿಲ್ಲ. "ಬೇರೆಯವರು ಜಾತಕ ನೋಡಿ ಬೇಡ ಅಂದ್ರು. ನೀವು ನನ್ನ ನೋಡಿ, ಎಲ್ಲ ತಿಳ್ಕೊಂಡು, ಸಾಕು ಅಂದು, ಆಮೇಲೆ ಬೇಡ ಅಂದ್ರಿ. ಅವರೆಲ್ಲ ನಿಮಗಿಂತ ವಾಸಿ."

ಹೊರಗೆ ಬಂದಾಗ ಹನಿ ಬೀಳುತ್ತಿತ್ತು. ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದೂ ಅವಳಿಗೆ ತೋಚಲಿಲ್ಲ.

ಎಲ್ಲವನ್ನೂ ಕೇಳಿದ ಅಮ್ಮಣ್ಣಿ ಅಳಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು, ಪೆಡಲಿನ ಮೇಲೆ ಕಾಲಿಟ್ಟು, ತುಳಿಯದೆ ಸುಮ್ಮನಿದ್ದರು. ಆ ವಾರವೆಲ್ಲ ಹಾಗೆಯೇ ಇದ್ದರು. ಸೀತಾಲಕ್ಷ್ಮಿ ರಾತ್ರಿ ಆಕಾಶ ತಿಳಿಯಾಗಿದ್ದರೂ ತಲೆಯೆತ್ತಿ ನೋಡುವುದನ್ನು ಬಿಟ್ಟಳು.

ಗಣೇಶನ ಹಬ್ಬದ ಸಂಜೆ ಅಮ್ಮಣ್ಣಿ ತಾವಾಗಿಯೇ ಸೀರೆ ಬದಲಿಸಿದರು.

"ಎಲ್ಲಿಗಮ್ಮಾ?"

"ಮೇಷ್ಟ್ರ ಭಾಷಣಕ್ಕೆ."

"ಅಲ್ಲೇನು ಕೆಲಸ ನಿನಗೆ?"

"ನನ್ನ ಮಗಳು ತೆಗೆದ ಚಿತ್ರ ನಾನು ಒಂದು ಸಲಾನೂ ನೋಡಿಲ್ಲ," ಎಂದರು ಅಮ್ಮಣ್ಣಿ. "ನೀನು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ."

ತಾಯಿಯನ್ನು ಒಬ್ಬಳನ್ನೇ ಕಳಿಸಲಾಗದೆ ಸೀತಾಲಕ್ಷ್ಮಿಯೂ ಹೊರಟಳು. ಸಂಘದ ಸಭಾಂಗಣ ತುಂಬಿತ್ತು. ಮೂಲೆಯಲ್ಲಿ ಗಣಪತಿ, ಮುಂದೆ ಬಿಳಿಯ ಪರದೆ. ಹೆಂಗಸರೆಲ್ಲ ಎಡಗಡೆಯ ಜಮಖಾನದ ಮೇಲೆ. ದೀಪ ಆರಿತು. ಕೃತ್ತಿಕೆಯ ಗೊಂಚಲು ಪರದೆಯ ಮೇಲೆ ಅರಳಿದಾಗ ಮಕ್ಕಳು ಓ ಎಂದು ಕೂಗಿದರು. ಸೇತುರಾಮಯ್ಯನವರು ಕೋಲು ಹಿಡಿದು ವಿವರಿಸುತ್ತಿದ್ದರು. ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆ ಬಂತು. ಆಮೇಲೆ ಚೇಳಿನ ಕೊಂಡಿ.

ಅಷ್ಟು ನಕ್ಷತ್ರಗಳನ್ನು ಒಟ್ಟಿಗೆ ಯಾರೂ ಕಂಡಿರಲಿಲ್ಲ.

"ಇದು ಮೂಲಾ ನಕ್ಷತ್ರದ ಸೀಮೆ," ಎಂದರು ಸೇತುರಾಮಯ್ಯನವರು. ವರ್ಷಗಳಿಂದ ಹೇಳಿ ರೂಢಿಯಾದ ಮಾತು ತಾನಾಗಿಯೇ ಮುಂದುವರಿಯಿತು. "ಇಂಥ ಚೆಲುವಾದದ್ದನ್ನ ನಮ್ಮ ಜನ ಕೆಟ್ಟ ನಕ್ಷತ್ರ ಅಂತಾರೆ ನೋಡಿ!"

ಜನ ನಕ್ಕರು. ಆ ನಗುವಿನ ನಡುವೆಯೇ ಜಮಖಾನದಿಂದ ಅಮ್ಮಣ್ಣಿ ಎದ್ದು ನಿಂತರು.

"ಮೇಷ್ಟ್ರೇ, ನಂದೊಂದು ಪ್ರಶ್ನೆ."

ಸೀತಾಲಕ್ಷ್ಮಿ ಅವರ ಸೆರಗು ಜಗ್ಗಿದಳು. ಅಮ್ಮಣ್ಣಿ ಕೈ ಕೊಡವಿಕೊಂಡರು. ಸಭೆಯಲ್ಲಿ ಅವರು ಹಿಂದೆಂದೂ ಮಾತಾಡಿದವರಲ್ಲ.

"ಇದು ನನ್ನ ಮಗಳ ನಕ್ಷತ್ರ. ಇಷ್ಟು ದಿನ ನಾನು ಎಲ್ಲರ ಹತ್ರ ಸುಳ್ಳು ಹೇಳ್ಕೊಂಡು ಬಂದೆ. ನೀವು ತಿಳಿದವರು. ನೀವು ಹೇಳಿ, ಈ ನಕ್ಷತ್ರದ ಹುಡುಗೀನ ನೀವಾದ್ರೆ ಸೊಸೆ ಮಾಡ್ಕೋತೀರಾ?"

"ಮೇಷ್ಟ್ರು ಮಾಡ್ಕೊಳ್ದೆ ಇರ್ತಾರಾ ಅಮ್ಮಾ, ಅವರಿಗೆ ಅದೆಲ್ಲ ಎಲ್ಲಿದೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗು.

ಸೇತುರಾಮಯ್ಯನವರು ನಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಸೀನು ಕುರ್ಚಿಯಲ್ಲಿ ಮುದುರಿಕೊಂಡ. ಪ್ರೊಜೆಕ್ಟರಿನ ಬೆಳಕು ಸೇತುರಾಮಯ್ಯನವರ ಅರ್ಧ ಮುಖದ ಮೇಲೆ ಬಿದ್ದಿತ್ತು, ನಕ್ಷತ್ರಗಳು ಅವರ ಕೆನ್ನೆಯ ಮೇಲೂ ಇದ್ದವು. ಸುಮ್ಮನೆ ಹೂಂ ಎಂದಿದ್ದರೆ ಸಾಕಿತ್ತು. ಸಭೆ ಚಪ್ಪಾಳೆ ತಟ್ಟುತ್ತಿತ್ತು.

"ಇಲ್ಲಮ್ಮ," ಎಂದರು ಅವರು. "ಮಾಡ್ಕೊಳ್ಳಲಿಲ್ಲ."

ಹಿಂದಿನ ಸಾಲಿನವರು ಕತ್ತು ಚಾಚಿದರು.

"ಮಾತು ಕೊಟ್ಟಿದ್ದೆ. ಸತ್ತುಹೋಗ್ತೀನಿ ಅಂತ ಹೆದರಿ ತಪ್ಪಿಸ್ಕೊಂಡೆ. ಅದನ್ನ ಮುಚ್ಚೋಕೆ ಮನೆಯವರಿಂದ ಸುಳ್ಳು ಹೇಳಿಸಿದೆ." ಅವರು ಕೋಲನ್ನು ಮೇಜಿನ ಮೇಲಿಟ್ಟರು. "ಈ ಚಿತ್ರ ತೆಗೆದದ್ದು ನಾನಲ್ಲ. ಆ ಹುಡುಗಿ. ಇದರ ವಿಷಯ ಮಾತಾಡೋ ಯೋಗ್ಯತೆ ನನಗಿಲ್ಲ." ಹೇಳಿ, ವೇದಿಕೆಯಿಂದಿಳಿದು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು.

ಜನ ತಿರುಗಿ ತಿರುಗಿ ಜಮಖಾನದ ಕಡೆ ನೋಡತೊಡಗಿದರು. ಸೀತಾಲಕ್ಷ್ಮಿಗೆ ಹಗುರವಾಗಲಿಲ್ಲ. ಸೀನುವಿನ ನಿಶ್ಚಿತಾರ್ಥ ಮುಗಿದಿತ್ತು, ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು. ಕಳೆದುಕೊಳ್ಳುವುದು ಏನೂ ಉಳಿಯದ ಮೇಲೆ ಬಂದ ಈ ಧೈರ್ಯ ಮೇ ತಿಂಗಳಲ್ಲಿ ಎಲ್ಲಿತ್ತು? ಎದ್ದು ಹೊರಗೆ ಹೋಗಿಬಿಡಬೇಕೆನಿಸಿತು. ಆದರೆ ಪರದೆಯ ಮೇಲೆ ಇನ್ನೂ ಚಿತ್ರ ಇತ್ತು. ಯಾರೂ ವಿವರಿಸದೆ, ಅನಾಥವಾಗಿ. ಅರ್ಧ ಗಂಟೆ ರೆಪ್ಪೆ ಬಡಿದು ಬಡಿದು ಅದನ್ನು ಹಿಡಿದಿಟ್ಟವಳು ಅವಳು.

ಅವಳು ಎದ್ದು ವೇದಿಕೆಗೆ ಹೋದಳು. ಕೋಲು ಮುಟ್ಟಲಿಲ್ಲ, ಬೆರಳಿನಿಂದಲೇ ತೋರಿಸಿದಳು.

"ಇದು ಒಂದು ನಕ್ಷತ್ರಗುಚ್ಛ. ಇಲ್ಲಿಂದ ಹೊರಟ ಬೆಳಕು ನಮ್ಮ ಕಣ್ಣಿಗೆ ಮುಟ್ಟೋಕೆ ನೂರಾರು ವರ್ಷ ಬೇಕು. ನಾವು ಈಗ ನೋಡ್ತಿರೋ ಬೆಳಕು ಹೊರಟಾಗ ಜಯನಗರ ಇರಲಿ, ಕೆಂಪೇಗೌಡರ ಕೋಟೇನೂ ಇರಲಿಲ್ಲ. ನಾನು ಹುಟ್ಟಿದ್ದಾಗಲಿ, ನಮ್ಮಪ್ಪ ಹೋದದ್ದಾಗಲಿ ಇದಕ್ಕೆ ಗೊತ್ತಿಲ್ಲ." ಪ್ರೊಜೆಕ್ಟರಿನವನ ಕಡೆ ತಿರುಗಿದಳು. "ಮುಂದಿನ ಚಿತ್ರ ಹಾಕಿ."

ಮುಂದಿನ ಚಿತ್ರ ಬಂತು. ಅದರ ಮುಂದಿನದೂ ಬಂತು. ಸ್ಲೈಡುಗಳು ಮುಗಿಯುವವರೆಗೂ ಅವಳು ನಿಂತಿದ್ದಳು.

ಮನೆಗೆ ಹೋಗುವ ದಾರಿಯಲ್ಲಿ ಅಮ್ಮಣ್ಣಿ ಕೇಳಿದರು, "ನಿನ್ನ ವಿಷಯಾನ ಬೀದಿಗೆ ಹಾಕಿಬಿಟ್ಟೆನೇನೇ ಸೀತೂ?"

"ಹಾಕಿದೆ," ಎಂದಳು ಸೀತಾಲಕ್ಷ್ಮಿ. ಸ್ವಲ್ಪ ದೂರ ನಡೆದ ಮೇಲೆ ತಾಯಿಯ ಕೈ ಹಿಡಿದುಕೊಂಡಳು.

ಹಬ್ಬ ಕಳೆದ ಮೇಲೆ ಸೇತುರಾಮಯ್ಯನವರು ದೂರದರ್ಶಕ, ಕ್ಯಾಮೆರಾ, ಪ್ಲೇಟುಗಳನ್ನೆಲ್ಲ ಒಂದು ಜಟಕಾದಲ್ಲಿ ಹಾಕಿಸಿಕೊಂಡು ತಾವೇ ಬಂದರು. ಗೇಟಿನ ಹೊರಗೇ ನಿಂತು, "ಇವೆಲ್ಲ ಇನ್ನು ನಿನ್ನವು. ನನ್ನನ್ನ ಕ್ಷಮಿಸು ಅಂತ ಕೇಳೋಕೆ ಬಾಯಿ ಬರಲ್ಲ," ಎಂದರು. ಕೆಲವೇ ವಾರಗಳಲ್ಲಿ ಅವರು ಇಳಿದುಹೋಗಿದ್ದರು.

ಸೀತಾಲಕ್ಷ್ಮಿ ಜಟಕಾದೊಳಗೆ ಹುಡುಕಿ ಒಂದೇ ಒಂದು ಪ್ಲೇಟನ್ನು ಎತ್ತಿಕೊಂಡಳು. "ಇದು ನನ್ನದು ಅಂತ ಅವತ್ತೇ ಹೇಳಿದ್ರಿ. ತಗೋತೀನಿ. ಮಿಕ್ಕಿದ್ದು ನಿಮ್ಮದು ಮೇಷ್ಟ್ರೇ."

"ಇನ್ನು ಬರೋದೇ ಇಲ್ವಾ?"

"ಇಲ್ಲ."

ಅವರು ತಲೆಯಾಡಿಸಿದರು. ಜಟಕಾ ತಿರುಗಿ ಹೋಗುವುದನ್ನು ಅವಳು ನೋಡುತ್ತಾ ನಿಂತಳು. ಆಕಾಶದ ದಾರಿ ತೋರಿಸಿದವರು ಅವರೇ ಎಂಬುದನ್ನು ಮರೆಯಲಾಗುತ್ತಿರಲಿಲ್ಲ. ಅವರು ಮಾಡಿದ್ದನ್ನೂ ಮರೆಯಲಾಗುತ್ತಿರಲಿಲ್ಲ. ಎರಡೂ ಅವಳೊಳಗೆ ಪಕ್ಕಪಕ್ಕದಲ್ಲೇ ಉಳಿದವು.

ಡಿಸೆಂಬರಿನ ಹೊತ್ತಿಗೆ ಅವಳು ಕಾಲೇಜಿನ ಬಡಗಿಯಿಂದ ಒಂದು ಮರದ ಪೀಠ ಮಾಡಿಸಿದಳು. ಹಳೆಯ ಕ್ಯಾಮೆರಾ ಒಂದು ಸಿಕ್ಕಿತು. ಮನೆಯ ಮುಂದಿನ ಅಂಗಳದಲ್ಲಿ ಸಂಜೆ ಅವಳು ಚಿತ್ರ ತೆಗೆಯಲು ಕೂತರೆ ಬೀದಿಯ ಹೆಂಗಸರು ಬಂದು ಇಣುಕುತ್ತಿದ್ದರು. ಕೆಲವರು ಬರುವುದನ್ನು ನಿಲ್ಲಿಸಿದ್ದರು, ಅದೂ ನಿಜ. ಮಹಿಳಾ ಸಮಾಜದಲ್ಲಿ ಒಬ್ಬಾಕೆ ತನ್ನ ಮಗಳನ್ನು ಅಮ್ಮಣ್ಣಿಯ ಹೊಲಿಗೆ ತರಗತಿಯಿಂದ ಬಿಡಿಸಿದ್ದಳು.

ಸಂಕ್ರಾಂತಿ ಕಳೆದ ವಾರ ಒಂದು ಮಧ್ಯಾಹ್ನ, ಚಾಮರಾಜಪೇಟೆಯಿಂದ ದಂಪತಿಗಳು ಹುಡುಗಿ ನೋಡಲು ಬಂದರು. ಮಗ ಬ್ಯಾಂಕಿನಲ್ಲಿದ್ದಾನೆ ಎಂದರು. ಹುಡುಗಿಯ ಓದು, ಕೆಲಸ, ಗೋತ್ರ ಎಲ್ಲ ವಿಚಾರಿಸಿದರು. ಆಮೇಲೆ ಹುಡುಗನ ತಂದೆ ಕೇಳಿದರು, "ಹುಡುಗಿ ನಕ್ಷತ್ರ ಯಾವುದಮ್ಮಾ?"

ಒಳಗೆ ಕಾಫಿ ಬೆರೆಸುತ್ತಿದ್ದ ಸೀತಾಲಕ್ಷ್ಮಿಯ ಕೈ ನಿಂತಿತು.

"ಮೂಲಾ," ಎಂದರು ಅಮ್ಮಣ್ಣಿ. "ಮೊದಲನೇ ಪಾದ. ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?"

ಆತ ಚಪ್ಪಲಿ ಹುಡುಕುವವರಂತೆ ಬಾಗಿಲ ಕಡೆ ನೋಡಿದರು. ಆತನ ಹೆಂಡತಿ ಕೂತ ಜಾಗದಿಂದ ಕದಲಲಿಲ್ಲ.

"ನನಗೆ ಒಂದು ಚಮಚ ಸಾಕು," ಎಂದರು ಆಕೆ.